ಅಮ್ಮನ ನಡೆ

ಹಿತೇಶ್ ಕೇಳಿದ್ದು ಮೂರೇ ಪ್ರಶ್ನೆ. ಯಾವ ಲಯ, ಯಾವ ಶ್ರುತಿ, ಯಾವ ಭಾವ? ಮೂವತ್ತು ವರ್ಷ ಸಿನಿಮಾ ಸ್ಟುಡಿಯೋಗಳಲ್ಲಿ ಪಿಟೀಲು ಬಾರಿಸಿದ ಮನುಷ್ಯನಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಇದೆಯೇ? ಆದರೂ ಅಣ್ಣು ಅವನು ಕೊಟ್ಟ ಮೂರು ಸಂಗೀತದ ಹಾಳೆ ಹಿಡಿದುಕೊಂಡು ದಾದರ್ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಕಾಲು ಗಂಟೆ ನಿಂತುಬಿಟ್ಟ. ಹಿಂದಿನಿಂದ ಬಂದವರು ಹೆಗಲು ತಾಗಿಸಿ, ಮರಾಠಿಯಲ್ಲಿ ಎರಡು ಮಾತು ಬೈದು, ಮುಂದೆ ಹೋದರು.

ಅಣ್ಣು ಎಂಬ ಹೆಸರು ಕೇಳಿ ಚಿಕ್ಕ ಪ್ರಾಯದವನೆಂದು ತಿಳಿಯಬೇಡಿ. ಅರವತ್ತೆಂಟು ತುಂಬಿದೆ. ಬ್ರಹ್ಮಾವರದ ಕಡೆಯಿಂದ ಮಾಟುಂಗದ ಸೋದರಮಾವನ ಹೋಟೆಲಿಗೆಂದು ಬಂದವ; ದೋಸೆ ಕಾವಲಿಗಿಂತ ಪಿಟೀಲಿನ ಮೇಲೆ ಪ್ರೀತಿ ಹೆಚ್ಚಾಗಿ, ಗೋವಾದ ಒಬ್ಬ ಮಾಸ್ತರರ ಬೆನ್ನು ಬಿದ್ದು ನೊಟೇಶನ್ ಓದಲು ಕಲಿತ. ಆಮೇಲೆ ಸ್ಟುಡಿಯೋದ ಮೂರನೆಯ ಸಾಲಿನ ಕುರ್ಚಿಯಲ್ಲಿ ಕೂತವನು, ಕೀಬೋರ್ಡುಗಳು ಬಂದು ಪಿಟೀಲಿನವರನ್ನೆಲ್ಲ ಮನೆಗೆ ಕಳಿಸುವವರೆಗೂ ಏಳಲಿಲ್ಲ. ಯಾವ ಹಾಡು ನಿಮಿಷಕ್ಕೆ ಎಷ್ಟು ಎಣಿಕೆಯಲ್ಲಿ ಓಡುತ್ತಿದೆ ಎಂದು ಗಡಿಯಾರ ನೋಡದೆ ಹೇಳಬಲ್ಲ. ಅದರ ಜಂಬವೂ ಅವನಿಗೆ ಸಾಕಷ್ಟಿತ್ತು, ಇರಲಿ.

ಆ ಹಾಳೆಗಳು ಮಗಳು ಜ್ಯೋತ್ಸ್ನಾಳವು. ಒಬ್ಬಳೇ ಮಗಳು. ಚೆಂಬೂರಿನ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಳು, ಚೆಲ್ಲೊ ಬಾರಿಸುತ್ತಿದ್ದಳು. ನೆಲಕ್ಕೆ ಊರಿ, ಮೊಣಕಾಲುಗಳ ನಡುವೆ ಹಿಡಿದು ಬಾರಿಸುವ ಆ ದೊಡ್ಡ ವಾದ್ಯವನ್ನು ಅಣ್ಣು ತಮಾಷೆಗೆ ಪಿಟೀಲಿನ ಅಜ್ಜ ಅನ್ನುತ್ತಿದ್ದ. ಹೋದ ವರ್ಷ ಆಗಸ್ಟಿನಲ್ಲಿ ಅವಳಿಗೆ ಡೆಂಗ್ಯೂ ಬಂತು. ಸೋಮವಾರ ಜ್ವರ, ಶುಕ್ರವಾರ ಅವಳಿಲ್ಲ. ಮೂವತ್ತೊಂದು ವರ್ಷವಾಗಿತ್ತು. ಇದನ್ನು ಇದಕ್ಕಿಂತ ಉದ್ದ ಮಾಡಿ ಹೇಳುವ ತ್ರಾಣ ಯಾರಿಗಿದೆ?

ಧಾರಾವಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುವ ವರ್ಕ್‌ಶಾಪ್ ನಡೆಸುವ ಹಿತೇಶ್, ಭಾನುವಾರ ಬಂತೆಂದರೆ ದಾದರಿನ ಒಂದು ಶಾಲೆಯ ಹಾಲಿನಲ್ಲಿ ಹದಿನಾಲ್ಕು ಜನರನ್ನು ಕೂರಿಸಿಕೊಂಡು ಕೈಯಲ್ಲಿ ತಾಳ ತೋರಿಸುವ ಕೋಲು ಹಿಡಿಯುತ್ತಿದ್ದ. ಎಲ್ಲರೂ ಹವ್ಯಾಸಿಗಳು, ಎಲ್ಲರದ್ದೂ ತಂತಿವಾದ್ಯ. ಜ್ಯೋತ್ಸ್ನಾ ಅಲ್ಲಿ ಆರು ವರ್ಷ ಬಾರಿಸಿದ್ದಳು. ಅಲ್ಲಿನ ಕಪಾಟು ಖಾಲಿ ಮಾಡುವಾಗ ಅವಳ ಫೈಲಿನಲ್ಲಿ ಈ ಹಾಳೆಗಳು ಸಿಕ್ಕವು. ಮೂರು ನಿಮಿಷ ಆಗಬಹುದಾದಷ್ಟು ಚಿಕ್ಕ ರಚನೆ, ಅವಳದ್ದೇ. ವರ್ಷ ತುಂಬುವ ವಾರದ ಭಾನುವಾರ ಒಂದು ಸಣ್ಣ ಕಾರ್ಯಕ್ರಮ ಇಟ್ಟು ಇದನ್ನು ಬಾರಿಸೋಣ ಅಂಕಲ್, ಅಂತ ಹಿತೇಶ್ ಹಿಂದಿಯಲ್ಲಿ ಹೇಳಿದ.

ತೊಂದರೆ ಇದ್ದದ್ದು ಹಾಳೆಯಲ್ಲಿ. ಮೇಲಿನ ಮೂರು ಸಾಲು, ಅಂದರೆ ಎರಡು ಪಿಟೀಲು ಮತ್ತು ಅದಕ್ಕಿಂತ ತುಸು ದೊಡ್ಡದಾದ ವಿಯೋಲಾದ್ದು, ಮುತ್ತಿನಂಥ ಅಕ್ಷರದಲ್ಲಿ ಪೂರ್ತಿ ಬರೆದಿದ್ದಳು. ನಾಲ್ಕನೆಯದು, ಚೆಲ್ಲೊದ ಸಾಲು, ಮೊದಲಿನಿಂದ ಕೊನೆಯವರೆಗೆ ಖಾಲಿ. ತಾನೇ ಬಾರಿಸುವುದನ್ನು ತಾನೇ ಯಾಕೆ ಬರೆದಿಟ್ಟುಕೊಳ್ಳಬೇಕು ಅಂದುಕೊಂಡಿರಬೇಕು ಹುಡುಗಿ. ಲಯ, ಶ್ರುತಿ, ಭಾವ ಬರೆಯುವ ಜಾಗದಲ್ಲಿ ಇಂಗ್ಲಿಷಿನ ಬಿ ಅಕ್ಷರ, ಅದರ ಪಕ್ಕ ಎರಡು ಎಂಬ ಅಂಕೆ. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲೇ ‘ಅಮ್ಮನ ನಡೆ’ ಎಂದು. ಅವಳಿಗೆ ಕನ್ನಡ ಬರುತ್ತಿದ್ದದ್ದು ಬಾಯಲ್ಲಿ, ಅದೂ ಹಿಂದಿ ಬೆರೆಸಿಕೊಂಡು, ಕೈಗೆ ಬರುತ್ತಿರಲಿಲ್ಲ. ಖಾಲಿ ಸಾಲು ತುಂಬಿಸಿಕೊಡುವುದೂ, ಆ ಮೂರು ಪ್ರಶ್ನೆಗೆ ಉತ್ತರ ಕೊಡುವುದೂ ಅಪ್ಪನಿಂದ ಮಾತ್ರ ಸಾಧ್ಯ ಎಂದು ಹಿತೇಶ್ ಹೇಳಿದ.

ಅದೇ ಅಣ್ಣುವನ್ನು ಬ್ರಿಜ್ಜಿನ ಮೇಲೆ ನಿಲ್ಲಿಸಿದ್ದು. ಮಗಳು ಬಿಟ್ಟುಹೋದದ್ದು ಈ ಮೂರು ನಿಮಿಷ ಮಾತ್ರ. ಅವಳು ಅಂದುಕೊಂಡ ಹಾಗೆಯೇ ಅದು ಕೇಳಬೇಕು, ಒಂದು ಕೂದಲೆಳೆ ಆಚೀಚೆ ಆಗಬಾರದು ಎಂದು ಅವನು ಅಲ್ಲೇ ನಿಶ್ಚಯಿಸಿಕೊಂಡ.

ಶ್ರುತಿಯ ಪ್ರಶ್ನೆ ಲೋಕಲ್ಲಿನಲ್ಲಿ ಕೂತಾಗಲೇ ತೀರಿಹೋಯಿತು. ಬಿ ಅಂದರೆ ಬಿ ಮೈನರ್. ಎರಡು ಅಂದರೆ ಎರಡು ಶಾರ್ಪು, ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು; ಅವೂ ಪ್ರತಿ ಸಾಲಿನ ತಲೆಯಲ್ಲಿ ಕಣ್ಣಿಗೆ ಹೊಡೆಯುವಂತೆ ಕೂತಿದ್ದವು. ಅದೇ ಎರಡು ಶಾರ್ಪು ಡಿ ಮೇಜರಿಗೂ ಇರುತ್ತವೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಸ್ವರಗಳು ಅವೇ, ಕೂತುಕೊಳ್ಳುವ ಮನೆ ಬೇರೆ. ಬಿ ಮನೆಯಲ್ಲಿ ಕೂತರೆ ಅಳು, ಡಿ ಮನೆಯಲ್ಲಿ ಕೂತರೆ ನಗು. ಎಲ್ಲಿ ಕೂರಬೇಕೆಂದು ಹೇಳುವುದು ತಳದ ಸಾಲು; ಅದೋ ಖಾಲಿ. ಆದರೆ ಬಿ ಎಂದು ಅವಳೇ ಬರೆದ ಮೇಲೆ ಇನ್ನೇನು ಸಂಶಯ?

ಭಾವದ ಪ್ರಶ್ನೆಯೂ ಅದರ ಹಿಂದೆಯೇ ತೀರಿತು. ಬಿ ಮೈನರ್ ಅಂದರೆ ದುಃಖ. ಮಗುವಿಗೆ ಮೊದಲೇ ಏನೋ ಒಳಗೊಳಗೆ ಗೊತ್ತಾಗಿತ್ತು ಎಂದು ಅಣ್ಣುವಿಗೆ ಅನ್ನಿಸಿತು. ಗಾಡಿ ಬದಲಿಸಿ, ಮನೆಯಿರುವ ವಡಾಲ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಅತ್ತ.

ಉಳಿದದ್ದು ಲಯ. ಅಮ್ಮನ ನಡೆ. ನಡೆ ಅಂದರೆ ತಾಳದ ನಡೆಯೂ ಹೌದು, ಕಾಲಿನ ನಡೆಯೂ ಹೌದು. ಅಮ್ಮ ನಡೆಯುವ ವೇಗದಲ್ಲಿ ಬಾರಿಸಿ ಎಂದು ಅರ್ಥ. ಅಮ್ಮ, ಅಂದರೆ ಅವನ ಹೆಂಡತಿ ವಾರಿಜಾ, ಮನೆಯಲ್ಲೇ ಇದ್ದಾಳಲ್ಲ. ಕೇಳಿದರೆ ಮುಗಿಯುತ್ತಿತ್ತು. ಆದರೆ ಕೇಳುವುದು ಹೇಗೆ? ವರ್ಷದಿಂದ ಆ ಮನೆಯಲ್ಲಿ ಮಗಳ ಹೆಸರು ಎತ್ತುವಂತಿರಲಿಲ್ಲ. ಒಂದು ಸಲ ಅಣ್ಣು ಎತ್ತಿದ್ದಕ್ಕೆ ವಾರಿಜಾ ಎದ್ದು ಅಡುಗೆಮನೆಗೆ ಹೋಗಿ, ನಳ್ಳಿ ತಿರುಗಿಸಿ, ಬಕೆಟ್ಟು ತುಂಬಿ ಹರಿದರೂ ನೋಡುತ್ತ ನಿಂತಿದ್ದಳು. ಅತ್ತಿರಲಿಲ್ಲ. ಆಸ್ಪತ್ರೆಯಲ್ಲೂ ಇಲ್ಲ, ಸ್ಮಶಾನದಿಂದ ಗಂಡಸರು ಮರಳಿ ಬಂದಾಗಲೂ ಇಲ್ಲ, ಹದಿಮೂರನೆಯ ದಿನವೂ ಇಲ್ಲ. ಕಲ್ಲು ಮನಸ್ಸು ಎಂದು ಬಿಲ್ಡಿಂಗಿನ ಹೆಂಗಸರು ಪಿಸುಗುಟ್ಟಿದ್ದು ಅಣ್ಣುವಿನ ಕಿವಿಗೂ ಬಿದ್ದಿತ್ತು. ನಿಜ ಹೇಳಬೇಕೆಂದರೆ ಅವನಿಗೂ ಒಳಗೆ ಸಿಟ್ಟಿತ್ತು. ದಿನಾ ಅಳುವವನು ತಾನು. ಹೆತ್ತವಳಿಗೆ ಒಂದು ಹನಿ ಇಲ್ಲವೇ?

ಹಾಗಾಗಿ ಕೇಳಲಿಲ್ಲ, ಕದ್ದು ನೋಡಿದ. ಅವಳು ಮಲಗುವ ಕೋಣೆಯಿಂದ ಅಡುಗೆಮನೆಗೆ, ಅಲ್ಲಿಂದ ಬಾಲ್ಕನಿಯ ತುಳಸಿಗೆ, ಮೊಣಕಾಲು ಹಿಡಿದುಕೊಂಡು, ಗೋಡೆಗೆ ಅಂಗೈ ಊರಿ ಹೋಗುವುದನ್ನು ಪೇಪರಿನ ಮರೆಯಿಂದ ಎರಡು ದಿನ ಎಣಿಸಿದ. ನಿಮಿಷಕ್ಕೆ ಐವತ್ತೆರಡು ಹೆಜ್ಜೆ. ತುಂಬ ನಿಧಾನ. ಬಿ ಮೈನರಿಗೆ ಹೇಳಿ ಮಾಡಿಸಿದಂತಿತ್ತು.

ಆಮೇಲೆ ಚೆಲ್ಲೊದ ಸಾಲು ಬರೆದ. ಇಡೀ ಜೀವಮಾನದಲ್ಲಿ ಬೇರೆಯವರು ಬರೆದದ್ದನ್ನು ಬಾರಿಸಿದವನು, ಒಂದು ವಾರ ಕೂತು, ಒರೆಸಿ, ತಿದ್ದಿ, ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಸ್ವರ ಇಳಿದು ಬಿ ಎಂಬ ಮನೆಗೆ ಬಂದು ಕೂರುವ ಸಾಲನ್ನು ಬರೆದ. ಚೆನ್ನಾಗಿಯೇ ಬರೆದ, ಅದರಲ್ಲಿ ಎರಡು ಮಾತಿಲ್ಲ. ಮೊದಲ ಭಾನುವಾರದ ಪ್ರಾಕ್ಟೀಸಿನಲ್ಲಿ ಅದನ್ನು ಬಾರಿಸಿದಾಗ ಹಾಲಿನಲ್ಲಿ ಮೂಗು ಸೀಟುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಜ್ಯೋತ್ಸ್ನಾಳ ಪಕ್ಕದ ಕುರ್ಚಿಯಲ್ಲಿ ಚೆಲ್ಲೊ ಬಾರಿಸುತ್ತಿದ್ದ ಚಂಪಾ, ಬ್ಯಾಂಕಿನಲ್ಲಿ ಕೆಲಸ ಮಾಡುವ ಐವತ್ತರ ಹೆಂಗಸು, ಕಣ್ಣು ಮಂಜಾಗಿ ಸ್ವರವೇ ಕಾಣುವುದಿಲ್ಲ ಎಂದು ಎರಡು ಸಲ ನಿಲ್ಲಿಸಿದಳು. ಅಣ್ಣುವೂ ಕೊನೆಯ ಸಾಲಿನಲ್ಲಿ ತನ್ನ ಪಿಟೀಲು ಹಿಡಿದು ಕೂತಿದ್ದ. ಅವನಿಗೆ ಎದೆ ಹಗುರವಾದಂತಾಯಿತು. ಮಗಳು ಅಂದುಕೊಂಡದ್ದನ್ನು ಹಿಡಿದುಬಿಟ್ಟೆ ಎಂಬ ಸಮಾಧಾನದಲ್ಲಿ ಮುಂದಿನ ಎರಡು ಭಾನುವಾರವನ್ನು ಕಳೆದ.

ಕಾರ್ಯಕ್ರಮದ ದಿನ ವಾರಿಜಾ ಬರುತ್ತಾಳೆಂದು ಅವನು ಎಣಿಸಿರಲಿಲ್ಲ. ದಾದರಿನಲ್ಲಿ ಕಾರ್ಯಕ್ರಮವಿದೆ ಎಂಬುದನ್ನು ಮಾತ್ರ ಅವಳಿಗೆ ತಿಳಿಸಿದ್ದ. ನಾನೂ ಬರ್ತೇನೆ ಎಂದಷ್ಟೇ ಹೇಳಿ ಸೀರೆ ಉಟ್ಟು ನಿಂತಳು. ಟ್ಯಾಕ್ಸಿ ಮಾಡಿ ಕರೆದುಕೊಂಡು ಹೋದ. ಐದು ಗಂಟೆಗೆ ಕಾರ್ಯಕ್ರಮ, ಮೂರಕ್ಕೆ ಕೊನೆಯ ಪ್ರಾಕ್ಟೀಸು. ಹಾಲಿನಲ್ಲಿ ಖಾಲಿ ಕುರ್ಚಿಗಳನ್ನು ಎರಡು ಭಾಗ ಮಾಡಿ, ನಡುವೆ ನಡೆದುಹೋಗಲು ದಾರಿ ಬಿಟ್ಟಿದ್ದರು. ವಾರಿಜಾ ಮುಂದಿನ ಸಾಲಿನ ತುದಿಯಲ್ಲಿ ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಬಾರಿಸಿದರು. ನಾಲ್ಕನೆಯ ವಾರವಾದರೂ ಕಣ್ಣುಗಳು ತೇವವಾದವು. ಅಣ್ಣು ಕಮಾನು ಕೆಳಗಿಳಿಸಿ ಹೆಂಡತಿಯ ಮುಖ ನೋಡಿದ. ಅವಳು ಹುಬ್ಬು ಗಂಟಿಕ್ಕಿ ಕೂತಿದ್ದಳು, ಮೀನು ತಾಜಾ ಹೌದೋ ಅಲ್ಲವೋ ಎಂದು ನೋಡುವ ಹಾಗೆ. ಅವನಿಗೆ ಮೈಯೆಲ್ಲ ಉರಿದುಹೋಯಿತು. ಕೆಳಗಿಳಿದು ಬಂದ.

“ಇದು ಯಾರದ್ದು?” ಎಂದು ಅವಳೇ ಕೇಳಿದಳು.

“ಯಾರದ್ದು ಅಂದ್ರೆ? ಜ್ಯೋತ್ಸ್ನಾಂದು.”

ಆ ಹೆಸರು ಅವನ ಬಾಯಿಂದ ಬಂದದ್ದಕ್ಕೆ ಅವಳು ಎದ್ದು ಹೋಗಲಿಲ್ಲ. ಅಲ್ಲ ಎಂದು ತಲೆ ಆಡಿಸಿದಳು. “ಸ್ವರ ಅವಳದ್ದೇ ಮಾರಾಯ್ರೆ. ಆದ್ರೆ ಇದು ಅವಳು ಬಾರಿಸಿದ್ದಲ್ಲ.”

ಅವಳು ಇದನ್ನು ಕೇಳಿದ್ದಳು. ಅದು ಅಣ್ಣುವಿಗೆ ಗೊತ್ತೇ ಇರಲಿಲ್ಲ. ಹೋದ ವರ್ಷ ಜುಲೈಯಲ್ಲಿ, ಅಣ್ಣು ಹೊರಗೆ ಹೋಗಿದ್ದ ಒಂದು ದಿನ, ವಾರಿಜಾ ಅಡುಗೆಮನೆಯಲ್ಲಿ ಪತ್ರೊಡೆಗೆಂದು ಕೆಸುವಿನ ಎಲೆಯ ನಾರು ತೆಗೆಯುತ್ತ ಕೂತಿದ್ದಾಗ, ಜ್ಯೋತ್ಸ್ನಾ ಬಾಗಿಲಿಗೆ ಅಡ್ಡ ಸ್ಟೂಲು ಹಾಕಿ, ಅಮ್ಮಾ ಸುನೋ ನಾ, ಅಂತ ಹೇಳಿ ಇದನ್ನು ಬಾಯಲ್ಲಿ ಗುನುಗುತ್ತ ಚೆಲ್ಲೊ ಬಾರಿಸಿದ್ದಳಂತೆ. ಒಂದಲ್ಲ, ಮೂರು ಸಲ. ಎಲೆ ಸುತ್ತುತ್ತ ತಾನು ನಕ್ಕಿದ್ದೆ ಎಂದು ವಾರಿಜಾ ಹೇಳಿದಳು. ನಗು ಬರುವಂಥದ್ದೇ ಅದು ಇತ್ತು ಎಂದಳು.

ಅಣ್ಣುವಿಗೆ ರೇಗಿತು. ಪಾಪ, ಮೂವತ್ತು ವರ್ಷದ ಜಂಬ ಅಷ್ಟು ಬೇಗ ಸೋಲುತ್ತದೆಯೇ? ಹಾಳೆ ತಂದು ಅವಳ ಮುಖದ ಮುಂದೆ ಹಿಡಿದು ಅಕ್ಷರದ ಮೇಲೆ ಬೆರಳಿಟ್ಟ. “ನೋಡು, ಅವಳೇ ಬರ್ದದ್ದು. ಬಿ. ಬಿ ಮೈನರ್. ನಿಂಗೆ ಇದೆಲ್ಲ ಗೊತ್ತಾಗುದಿಲ್ಲ.”

ವಾರಿಜಾ ಪರ್ಸಿನಿಂದ ಕನ್ನಡಕ ತೆಗೆದು ಹಾಕಿಕೊಂಡು ನೋಡಿದಳು. ನಿಧಾನಕ್ಕೆ ಓದಿದಳು.

“ಬಿಳಿ ಎರಡು ಅಲ್ವಾ ಇದು? ನನ್ನ ಶ್ರುತಿ.”

ಅಣ್ಣು ಹಾಳೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡ. ಅವನ ಊರಿನಲ್ಲಿ ಭಾಗವತರಿರಲಿ, ಭಜನೆಯವರಿರಲಿ, ಶ್ರುತಿಯನ್ನು ಎ ಬಿ ಸಿ ಎಂದು ಯಾರು ಕರೆಯುತ್ತಾರೆ? ಹಾರ್ಮೋನಿಯಂನ ಮನೆ ಎಣಿಸಿ ಕಪ್ಪು ಒಂದು, ಬಿಳಿ ಎರಡು ಎನ್ನುವುದು. ಬಿಳಿ ಎರಡು ಅಂದರೆ ಗೋವಾದ ಮಾಸ್ತರರ ಡಿ. ವಾರಿಜಾಳದ್ದು ದಪ್ಪ ಕಂಠ. ವಡಾಲದ ಭಜನಾ ಮಂಡಳಿಯ ಹೆಂಗಸರೆಲ್ಲ ಮೇಲಿನ ಶ್ರುತಿಯಲ್ಲಿ ಹಾಡಿದರೆ ಇವಳೊಬ್ಬಳು ಗಂಡಸರ ಬಿಳಿ ಎರಡಕ್ಕೆ ಇಳಿಯಬೇಕು. ಮದುವೆಯಾದ ಹೊಸದರಲ್ಲಿ ಅಣ್ಣುವೇ ಅವಳ ಬೆರಳು ಹಿಡಿದು ಆ ಮನೆಯ ಮೇಲೆ ಇಟ್ಟು, ಇದು ನಿನ್ನದು, ಬಿಡಬೇಡ, ಎಂದು ತಮಾಷೆ ಮಾಡಿದ್ದ. ಅದನ್ನೇ ಕೇಳಿಕೊಂಡು ಬೆಳೆದ ಮಗು, ಕನ್ನಡ ಬರೆಯಲು ಬಾರದೆ, ಬಿಳಿಯ ಬದಲು ಇಂಗ್ಲಿಷಿನ ಬಿ ಬರೆದಿತ್ತು. ಸ್ಟುಡಿಯೋದ ಭಾಷೆಯಲ್ಲಿ ಓದಿದ ಅಪ್ಪ ಮನೆಯ ಭಾಷೆಯನ್ನೇ ಮರೆತಿದ್ದ. ಡಿ ಮೇಜರಿನ ನಗುವ ರಚನೆಯನ್ನು ಹಿಡಿದು ಅಳಿಸಿ ಕೂರಿಸಿದ್ದ.

ಏನಾಯಿತೆಂದು ಹಿತೇಶ್ ಕೇಳಿದ. ಅಣ್ಣು ಹಿಂದಿಯಲ್ಲಿ ಹೇಳಿದ.

“ಕೆಳಗಿನ ಸಾಲಲ್ಲಿ ಅವಳು ಎಂತ ಬಾರಿಸ್ತಿದ್ಳು?” ಎಂದು ಅಣ್ಣು ಹೆಂಡತಿಯನ್ನು ಕೇಳಿದ. ಬೇಡಿಕೊಂಡ ಹಾಗಿತ್ತು ಅದು.

ಎಂತದ್ದೂ ಇಲ್ಲ, ಭಜನೆಗೆ ಶ್ರುತಿ ಹಿಡಿದ ಹಾಗೆ ಒಂದೇ ಸ್ವರ, ಹೆಜ್ಜೆಗೊಂದು, ಎಂದಳು ವಾರಿಜಾ. ಆಮೇಲೆ ಹಾಳೆಯ ಕೆಳಗಿನ ಮಾತನ್ನು ಓದಿದಳು. ಓದಿ, ಕನ್ನಡಕ ತೆಗೆದಳು.

“ನಡೆ ಎಲ್ಲಿಂದ ಹಿಡಿದ್ರಿ ನೀವು?”

ಅವನು ತಪ್ಪೊಪ್ಪಿಕೊಂಡ. ಪೇಪರಿನ ಮರೆ, ಎರಡು ದಿನ, ಐವತ್ತೆರಡು ಹೆಜ್ಜೆ, ಎಲ್ಲ ಹೇಳಿದ.

“ನಾನು ಹೀಗೆ ನಡೆಯುದು ಅವಳು ಹೋದ ಮೇಲೆ ಅಲ್ವಾ,” ಎಂದಳು ವಾರಿಜಾ. “ಈ ನಡೆ ಅವಳು ನೋಡ್ಲೇ ಇಲ್ಲ.”

ಅಣ್ಣು ಪಕ್ಕದ ಕುರ್ಚಿಯಲ್ಲಿ ಕೂತ. ಹೌದಲ್ಲ. ಮೊಣಕಾಲು ಹಿಡಿದದ್ದು ಆ ಹದಿಮೂರು ದಿನ ಮುಗಿದ ಮೇಲೆ. ತಾನು ವರ್ಷವಿಡೀ ಎದುರಿಗೇ ನೋಡುತ್ತಿದ್ದೆ. ಕಣ್ಣೀರಿಲ್ಲ, ಕಣ್ಣೀರಿಲ್ಲ ಎಂದು ಅವಳ ಮುಖವನ್ನೇ ಹುಡುಕುತ್ತಿದ್ದವನು ಕಾಲನ್ನು ನೋಡಿರಲಿಲ್ಲ. ನೋಡಿದಾಗಲೂ ಎಣಿಸಿದ, ಅಷ್ಟೇ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಗಳು ನೋಡಿದ ನಡೆ ಯಾವುದೆಂದು ವಾರಿಜಾಳೇ ಹೇಳಿದಳು. ಹುಡುಗಿಗೆ ಎಂಟು ವರ್ಷವಾದಾಗಿನಿಂದ, ಪ್ರತಿ ಮಂಗಳವಾರ, ಶುಕ್ರವಾರ, ಚೆಂಬೂರಿಗೆ ಚೆಲ್ಲೊ ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದವಳು ಅವಳು. ಶಾಲೆ ಬಿಟ್ಟು ಬಂದ ಮಗುವಿಗೆ ತಿಂಡಿ ಕೊಟ್ಟು, ಐದೂ ಹತ್ತರ ಹಾರ್ಬರ್ ಲೋಕಲ್ ಹಿಡಿಯಬೇಕು. ವಾದ್ಯ ಮಗುವಿಗಿಂತ ದೊಡ್ಡದು. ಅದನ್ನು ಬೆನ್ನಿಗೆ ಹಾಕಿಕೊಂಡು, ಸೆರಗು ಸಿಕ್ಕಿಸಿ, ಕಾಲೊನಿಯಿಂದ ಸ್ಟೇಷನ್ನಿಗೆ ದಡದಡ ನಡೆಯುತ್ತಿದ್ದಳು. ಹಿಂದೆ ಜ್ಯೋತ್ಸ್ನಾ ಓಡುತ್ತಿದ್ದಳು. ಲೇಡೀಸ್ ಡಬ್ಬದ ಹೆಂಗಸರು, ಅದರಲ್ಲಿ ಏನು, ಗಂಡನನ್ನು ಹೊತ್ತುಕೊಂಡು ಬಂದಿರಾ, ಎಂದು ನಗುತ್ತಿದ್ದರಂತೆ. ಗಂಡನಾದರೆ ಇಷ್ಟು ಹಗುರ ಇರುವುದಿಲ್ಲ ಎಂದು ಇವಳು ಹೇಳುವುದು, ಅದಕ್ಕೆ ಮಗು ಬಿದ್ದು ಬಿದ್ದು ನಗುವುದು. ಒಂಬತ್ತು ವರ್ಷ ಹೀಗೆ. ಆ ಸಂಜೆಗಳಲ್ಲಿ ಅಣ್ಣು ಸ್ಟುಡಿಯೋದಲ್ಲಿರುತ್ತಿದ್ದ. ಒಂದು ದಿನವೂ ಜೊತೆಗೆ ಹೋದದ್ದಿಲ್ಲ.

ಹಿತೇಶ್ ಮೆಲ್ಲನೆ ಬಂದು, ಎಷ್ಟು ಜೋರು ಆಂಟಿ, ಎಂದು ಕೇಳಿದ. ಅಂಕಿಯಲ್ಲಿ ಹೇಳುವುದು ವಾರಿಜಾಳಿಗೆ ಎಲ್ಲಿಂದ ಗೊತ್ತು? ಪರ್ಸನ್ನು ಅಣ್ಣುವಿನ ಕೈಗೆ ಕೊಟ್ಟು, ಕುರ್ಚಿಯ ಬೆನ್ನು ಹಿಡಿದು ಎದ್ದಳು. ನಡುವಿನ ದಾರಿಗೆ ಬಂದು ನಿಂತು, ನೀವು ನೋಡಿಕೊಳ್ಳಿ, ಎಂದು ಹಿಂದಿಯಲ್ಲಿ ಹೇಳಿದಳು.

ಬೇಡ, ಮೊಣಕಾಲು ಕೆಡುತ್ತದೆ, ಎಂದು ಅಣ್ಣು ತಡೆಯಲು ಹೋದ. ಅವಳು ಕೇಳಲಿಲ್ಲ.

ಮೊದಲ ನಾಲ್ಕು ಹೆಜ್ಜೆ ಮನೆಯಲ್ಲಿ ನಡೆಯುವಂತೆಯೇ ಇದ್ದವು. ಐದನೆಯದಕ್ಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಬೆನ್ನ ಮೇಲೆ ಭಾರ ಇದ್ದ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿ, ಹಲ್ಲು ಕಚ್ಚಿ, ಬೀಸಿ ಬೀಸಿ ಹೆಜ್ಜೆ ಹಾಕತೊಡಗಿದಳು. ನೋವಾಗುತ್ತಿರುವುದು ಅವಳ ಕತ್ತಿನಲ್ಲಿ ಕಾಣುತ್ತಿತ್ತು. ಆದರೂ ನಡೆದಳು. ನಿಮಿಷಕ್ಕೆ ನೂರ ಹದಿನಾರು. ಅಣ್ಣು ಎಣಿಸಬೇಕಾಗಿರಲಿಲ್ಲ, ಎಣಿಸಬಾರದೆಂದೂ ಇತ್ತು, ಆದರೆ ಅವನ ಕಿವಿಗೆ ಬೇರೆ ಕೆಲಸ ಬಾರದು.

ಹಿತೇಶ್ ಅವಳ ಪಾದಗಳನ್ನೇ ನೋಡುತ್ತ ಕೋಲು ಎತ್ತಿದ. ಚಂಪಾ ಅಣ್ಣು ಬರೆದುಕೊಟ್ಟ ಹಾಳೆಯನ್ನು ಮಗುಚಿ ಹಾಕಿ, ಬಿಳಿ ಎರಡರ ತಂತಿಯೊಂದನ್ನೇ ಹೆಜ್ಜೆಗೊಂದರಂತೆ ನುಡಿಸತೊಡಗಿದಳು. ಮೇಲಿನ ಮೂರು ಸಾಲುಗಳು ಅದರ ಮೇಲೆ ಹತ್ತಿ ಓಡಿದವು. ನಾಲ್ಕು ವಾರ ಅತ್ತ ಸ್ವರಗಳೇ ಅವು, ಒಂದೂ ಬದಲಾಗಿರಲಿಲ್ಲ. ಈಗ ಅವು ಎರಡು ಜಡೆಯ ಹುಡುಗಿಯೊಂದು ಏದುಸಿರು ಬಿಡುತ್ತ, ನಗುತ್ತ, ಹಿಂದೆ ಓಡಿಬರುತ್ತಿರುವಂತೆ ಕೇಳಿದವು. ಅಳಲು ಕೂಡ ಜಾಗವಿಲ್ಲದಷ್ಟು ಸಂತೋಷ ಅದರಲ್ಲಿ ತುಂಬಿತ್ತು. ದುಃಖದ ರಾಗದಲ್ಲಿ ಅಣ್ಣು ಮಗಳನ್ನು ಸಾವಿನ ಜೊತೆ ನೋಡಿದ್ದ, ಅದನ್ನು ತಡೆದುಕೊಂಡಿದ್ದ. ಇದರಲ್ಲಿ ಅವಳು ಬದುಕಿದ್ದಳು. ಇದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

ಪರ್ಸು ಕೈಯಲ್ಲಿ ಹಿಡಿದುಕೊಂಡೇ ಎದ್ದು, ದಾರಿಯಲ್ಲಿ ಅವಳ ಹಿಂದೆ ನಡೆದ. ವೇಗವಾಗಿ ನಡೆದ. ಯಾಕೆಂದು ಕೇಳಿದರೆ ಅವನಿಗೂ ಹೇಳಲು ಬಾರದು.

ಹಾಲಿನ ಕೊನೆಯ ಬಾಗಿಲು ಬಂತು. ವಾರಿಜಾ ಅಲ್ಲಿ ನಿಂತಳು. ಪ್ಲಾಟ್‌ಫಾರ್ಮಿನಲ್ಲಿ ನಿಂತಂತೆ ನಿಂತು, ಒಂದು ಕೈಯನ್ನು ಸ್ವಲ್ಪ ಕೆಳಕ್ಕೆ, ಎಂಟು ವರ್ಷದ ಮಗುವಿನ ಕೈ ಸಿಗುವಷ್ಟು ಕೆಳಕ್ಕೆ ಚಾಚಿ, ಹಿಂತಿರುಗಿ ನೋಡಿದಳು. ಅವಳ ಮುಖ ನಗುತ್ತಿತ್ತು. ಅಣ್ಣು ಎದುರಿಗೆ ನಿಂತಿದ್ದ.

ಅವಳು ಅವನನ್ನು ನೋಡಿದಳು. ಅವನ ಹಿಂದೆ ನೋಡಿದಳು. ಮತ್ತೆ ಅವನನ್ನು ನೋಡಿದಳು.

“ನೀವಲ್ಲ,” ಎಂದಳು.

“ಗೊತ್ತುಂಟು,” ಎಂದ ಅಣ್ಣು.

ಚಾಚಿದ ಕೈ ಹಾಗೆಯೇ ಇತ್ತು. ಅವನು ಅದನ್ನು ಹಿಡಿಯಲು ಧೈರ್ಯ ಮಾಡಲಿಲ್ಲ, ಅದು ಅವನಿಗೆ ಚಾಚಿದ ಕೈ ಆಗಿರಲಿಲ್ಲ. ವಾರಿಜಾ ಬಾಗಿಲಿಗೆ ಒರಗಿ ಕುಸಿದು ಕೂತಳು, ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ಅವಳದ್ದು ದಪ್ಪ ಕಂಠ, ಅಳು ಹಾಲೆಲ್ಲ ತುಂಬಿತು. ಅಣ್ಣು ನೆಲದ ಮೇಲೆ ಅವಳ ಪಕ್ಕ ಕೂತು ಆ ಮೊಣಕಾಲಿನ ಮೇಲೆ ಕೈಯಿಟ್ಟ. ಹಿತೇಶ್ ನಿಲ್ಲಿಸಬೇಕೋ ಬೇಡವೋ ತಿಳಿಯದೆ ಅವರ ಕಡೆ ನೋಡಿದ. ನಿಲ್ಲಿಸಬೇಡಿ ಎಂದು ಅಣ್ಣು ಕೈ ಮಾಡಿದ. ಇನ್ನೂ ಒಂದು ನಿಮಿಷ ಬಾರಿಸುವುದಿತ್ತು. ಅಷ್ಟನ್ನೂ ಅವರು ಅದೇ ವೇಗದಲ್ಲಿ ಬಾರಿಸಿದರು.